ನಕ್ಷೆಯ ಬೆಟ್ಟ ಇನ್ನೂ ನುಣ್ಣಗೆ

ಬೇಟೆಗೆ ಹೊರಟಿದ್ದು ನಾನಲ್ಲ, ಗೆಳೆಯ. ಪರ್ಮಿಟ್ಟು ಅವನದು, ಬಂದೂಕು ಅವನದು, ಗುರಿಯೂ ಅವನದೇ. ನನ್ನ ಪಾಲಿಗೆ ಬಂದಿದ್ದು ನಕ್ಷೆ. "ನೀನು ಓದಿದವನು, ಇದನ್ನೂ ಓದು" ಅಂತ ಮಡಚಿದ ಹಾಳೆ ಕೈಗಿಟ್ಟ. ಓದೋಕೆ ಅದರಲ್ಲಿ ಅಕ್ಷರಗಳೇ ಇರಲಿಲ್ಲ. ಬರೀ ಕಂದು ಗೆರೆಗಳು. ಯಾರೋ ಹೆಬ್ಬೆಟ್ಟನ್ನು ಶಾಯಿಯಲ್ಲಿ ಅದ್ದಿ ಹಾಳೆ ತುಂಬ ಒತ್ತಿದ ಹಾಗಿತ್ತು. ಅದನ್ನು ನೋಡಿ ನಾನೂ ಹೆಬ್ಬೆಟ್ಟೇ ಆದೆ.

ಶಾಲೆಯಲ್ಲಿ ಇವಕ್ಕೆ ಸಮೋನ್ನತಿ ರೇಖೆ ಅಂತಿದ್ದರು. ಪರೀಕ್ಷೆಗೆ ಹೆಸರು ಬಂದರೆ ಸಾಕಿತ್ತು. ಒಂದು ಗೆರೆಯ ಮೇಲಿರುವ ಜಾಗವೆಲ್ಲ ಒಂದೇ ಎತ್ತರ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಆರಾಮಾದ ಇಳಿಜಾರು. ಪ್ರತಿ ಐದನೇ ಗೆರೆ ದಪ್ಪ, ಅದರ ಮೇಲೆ ಎತ್ತರದ ಅಂಕಿ. ಇಷ್ಟೇನಾ ಅಂದುಕೊಂಡೆ.

"ಮುಷ್ಟಿ ಹಿಡಿ" ಅಂದ ಗೆಳೆಯ. ಗೆಣ್ಣು ಅಂದರೆ ಶಿಖರ. ಎರಡು ಗೆಣ್ಣಿನ ನಡುವಿನ ತಗ್ಗು ಸ್ಯಾಡಲ್, ಕುದುರೆಯ ಜೀನಿನ ಹಾಗೆ. ಕೆಳಗಿಳಿಯುವ ಬೆರಳು ಏಣು, ಬೆರಳ ಸಂದು ಕೊರಕಲು. ಪೆನ್ನು ತಗೊಂಡು ಒಂದೊಂದು ಗೆಣ್ಣಿನ ಸುತ್ತಲೂ ಉಂಗುರ ಬರೆದೆ. ಮುಷ್ಟಿ ಬಿಚ್ಚಿದರೆ ಬೆಟ್ಟವೇ ಮಾಯ, ಗೆರೆ ಮಾತ್ರ ಉಳಿದಿತ್ತು. ಓಹೋ, ನಕ್ಷೆ ಅಂದರೆ ಇದೇ! ಖುಷಿಯಾಯಿತು. ಪೆನ್ನು ಅಂದುಕೊಂಡಿದ್ದು ಅಳಿಸಲಾಗದ ಮಾರ್ಕರ್ ಅಂತ ಆಮೇಲೆ ಗೊತ್ತಾಯಿತು. ಮೂರು ದಿನ ನನಗೆ ಕೈಕುಲುಕಲು ಬಂದವರೆಲ್ಲ ಕೈಮುಗಿದು ಹೋದರು.

ಜಿಂಕೆ ಬಲು ಲೆಕ್ಕಾಚಾರದ ಪ್ರಾಣಿ. ಶಿಖರ ಏರಿ ಫೋಟೊ ತೆಗೆಸಿಕೊಳ್ಳುವ ಆಸೆ ಅದಕ್ಕಿಲ್ಲ. ಬೆಟ್ಟ ದಾಟಬೇಕಾದರೆ ಎಲ್ಲಿ ತಗ್ಗೋ ಅಲ್ಲೇ ದಾಟುತ್ತದೆ, ಅಂದರೆ ಸ್ಯಾಡಲ್‌ನಲ್ಲಿ. ನಮ್ಮ ಪ್ಲಾನೂ ಅದೇ. ಕೊರಕಲು ಹಿಡಿದು ಹತ್ತೋದು, ಸ್ಯಾಡಲ್ ಪಕ್ಕ ಅಡಗಿ ಕೂರೋದು. ನಕ್ಷೆಯಲ್ಲಿ ಬರೀ ನಾಲ್ಕು ಸೆಂಟಿಮೀಟರ್. 1:50,000ದ ನಕ್ಷೆ, ಒಂದು ಸೆಂಟಿಮೀಟರಿಗೆ ನೆಲದಲ್ಲಿ ಅರ್ಧ ಕಿಲೋಮೀಟರ್, ಅಂದರೆ ಒಟ್ಟು ಎರಡು ಕಿಲೋಮೀಟರ್. ಏರು 300 ಮೀಟರ್. ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಬೆಟ್ಟ ಹತ್ತುವವನೊಬ್ಬ 1892ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾನೆ. ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕೂಡಿಸಿದೆ, 54 ನಿಮಿಷ ಬಂತು. ಹಿಡಿದಿದ್ದು ಎರಡೂವರೆ ಗಂಟೆ. ಆ ಪುಣ್ಯಾತ್ಮ ಏದುಸಿರಿಗೆ ಅಂತ ಟೈಮೇ ಇಟ್ಟಿಲ್ಲ.

ಬೆಳಕು ಹರಿಯೋ ಮುಂಚೆ ಹೊರಟೆವು. ಟಾರ್ಚ್ ಬೆಳಕಲ್ಲಿ "ಇಲ್ಲಿದ್ದೀವಿ" ಅಂತ ಬೆರಳಿಟ್ಟು ತೋರಿಸಿದೆ. ನನ್ನ ಬೆರಳೇ ನಕ್ಷೆಯ ಅರ್ಧ ಕಿಲೋಮೀಟರ್ ಮುಚ್ಚುತ್ತದೆ, ಹಾಗಾಗಿ ಅದು ಪೂರ್ತಿ ಸುಳ್ಳೇನಲ್ಲ. ದಿಕ್ಸೂಚಿ ತೆಗೆದರೆ ಅದೂ ಕೈಕೊಟ್ಟಿತು. ಗೆಳೆಯ ಎಡಕ್ಕೆ ಬಂದರೆ ಉತ್ತರವೂ ಎಡಕ್ಕೆ, ಬಲಕ್ಕೆ ಹೋದರೆ ಉತ್ತರವೂ ಬಲಕ್ಕೆ. ಸೂಜಿ ಅವನ ಬಂದೂಕಿನ ಉಕ್ಕನ್ನು ನೋಡುತ್ತಿದೆ ಅಂತ ಹೊಳೆಯೋಕೆ ಹತ್ತು ನಿಮಿಷ ಬೇಕಾಯಿತು.

ನಿಜವಾದ ಎಡವಟ್ಟು ಬೇರೆಯೇ. ಗೆರೆಗಳು ವಿ ಆಕಾರದಲ್ಲಿ ಬಾಗಿರುತ್ತವಲ್ಲ, ಅದರ ಚೂಪು ಎತ್ತರದ ಕಡೆಗಿದ್ದರೆ ಕೊರಕಲು, ತಗ್ಗಿನ ಕಡೆಗಿದ್ದರೆ ಏಣು. ನಾನು ಉಲ್ಟಾ ನೆನಪಿಟ್ಟುಕೊಂಡಿದ್ದೆ. ಹಾಗಾಗಿ ಕೊರಕಲಲ್ಲೇ ಹತ್ತುತ್ತಾ ಇದು ಏಣು, ಕೊರಕಲು ಮುಂದಿದೆ ಅಂತ ಸಾಧಿಸಿದೆ.

"ಏಣಾದ್ರೆ ಕಾಲಡಿ ನೀರು ಯಾಕೋ?"

"ಇಬ್ಬನಿ ಜಾಸ್ತಿ."

ಒಂದು ಕಡೆ ದಾರಿ ಸಮತಟ್ಟಾಯಿತು. ಮೆತ್ತನೆ ಕೆಸರು, ಎರಡೂ ಪಕ್ಕ ಕತ್ತಲಲ್ಲಿ ಏನೋ ಎತ್ತರಕ್ಕೆ ನಿಂತಿತ್ತು. ಕಾಲಿಗೆ ಹಾಯ್ ಅನ್ನಿಸಿತು. ಗೆಳೆಯ ನಿಂತ. "ನಡಿ ನಡಿ, ಇನ್ನೂ ಮುಂದೆ" ಅಂದೆ.

ಮುಂದೆ ಇಳಿಜಾರು. ನಕ್ಷೆಯಲ್ಲಿ ಆರಾಮಾಗಿ ಕಂಡ ಆ ಜಾಗದಲ್ಲಿ ಎರಡಾಳೆತ್ತರದ ಬಂಡೆಯ ಅಂಚಲ್ಲಿ ನೆಲ ಧುತ್ತನೆ ಮುಗಿಯಿತು. ಗೆರೆಯಿಂದ ಗೆರೆಗೆ ಎತ್ತರದಲ್ಲಿ 20 ಮೀಟರ್ ಅಂತರ. ಅಷ್ಟರೊಳಗೆ ಅಡಗಿದ ಬಂಡೆಗೆ ಗೆರೆ ಎಲ್ಲಿಂದ ಬರಬೇಕು? ನಕ್ಷೆ ಸುಳ್ಳು ಹೇಳಿರಲಿಲ್ಲ, ಸುಮ್ನೆ ಬಾಯಿ ಮುಚ್ಚಿಕೊಂಡಿತ್ತು. ದೂರದ ಬೆಟ್ಟ ನುಣ್ಣಗೆ ಅಂತಾರೆ. ನಕ್ಷೆಯ ಬೆಟ್ಟ ಅದಕ್ಕಿಂತ ನುಣ್ಣಗೆ. ನಾನು ಬಂಡೆ ಇಳಿಯುವಾಗ ಪ್ಯಾಂಟಿನ ಹಿಂಭಾಗವನ್ನು ಅದಕ್ಕೇ ಕಾಣಿಕೆ ಕೊಟ್ಟೆ.

ಕೆಳಗಿನ ತಗ್ಗಲ್ಲಿ ಕೂತು ಮಧ್ಯಾಹ್ನದ ತನಕ ಕಾದೆವು. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಮೇಲಕ್ಕೆ ಹೋಗುತ್ತದೆ. ನಮ್ಮ ಬೆವರಿನ ವಾಸನೆ ಇಡೀ ಬೆಟ್ಟಕ್ಕೆ ಅಂಚೆಯಾಯಿತು. ಒಂದು ಇಲಿಯೂ ಬರಲಿಲ್ಲ.

ಬಂದ ದಾರಿಯಲ್ಲೇ ವಾಪಸ್ ಹೊರಟೆವು. ಬಂಡೆ ಹತ್ತಿ ಆ ಸಮತಟ್ಟು ಜಾಗಕ್ಕೆ ಬಂದರೆ, ಬೆಳಕಲ್ಲಿ ಎಡಕ್ಕೊಂದು ಶಿಖರ, ಬಲಕ್ಕೊಂದು ಶಿಖರ, ನಡುವೆ ನಾವು. ಗೆಳೆಯ ಮಾತಾಡಲಿಲ್ಲ. ಮುಷ್ಟಿ ಹಿಡಿದು ನನ್ನ ಮುಖದ ಮುಂದೆ ಹಿಡಿದ, ಎರಡು ಗೆಣ್ಣಿನ ನಡುವೆ ಬೆರಳಿಟ್ಟ. ಆಮೇಲೆ ನೆಲ ತೋರಿಸಿದ. ಕೆಸರಲ್ಲಿ ಬೆಳಗಿನ ನನ್ನ ಬೂಟಿನ ಗುರುತು. ಅದರ ಮೇಲೆ ಸರಿಯಾಗಿ ನಡುಮಧ್ಯಕ್ಕೆ ಒಂದು ಗೊರಸಿನ ಗುರುತು. ಮುಂದಕ್ಕೆ ಇನ್ನೊಂದು, ಮತ್ತೊಂದು.