ಬಿಗ್ ಅಪ್‌ಡೇಟ್: ಹಣ ಬಂತು! (ಪೂರ್ತಿ ಓದಿ, ಬಂದಿಲ್ಲ)

2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಗೃಹಲಕ್ಷ್ಮಿ ಶುರುವಾಯ್ತಲ್ಲ, ಮನೆ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ, ಅವತ್ತಿಂದ ಯಜಮಾನಿಯರಿಗಿಂತ ರೆಗ್ಯುಲರ್ ಆಗಿ ಅದರಲ್ಲಿ ದುಡ್ಡು ನೋಡ್ತಿರೋರು ಅಂದ್ರೆ ವೆಬ್‌ಸೈಟ್‌ಗಳಲ್ಲಿ ಈ ಥರ ಟೈಟಲ್ (ಗೂಗಲಲ್ಲಿ ಹುಡುಕಿದಾಗ ದೊಡ್ಡಕ್ಷರದಲ್ಲಿ ಕಾಣೋ ಸಾಲು) ಬರೆಯೋ ಮಹಾನುಭಾವರು. ಗೂಗಲ್‌ಗೆ ಹೋಗಿ "ಗೃಹಲಕ್ಷ್ಮಿ ಹಣ" ಅಂತ ಹಾಕಿ ನೋಡಿ. "ಗುಡ್ ನ್ಯೂಸ್! ಎಲ್ಲರ ಖಾತೆಗೂ ಜಮಾ, ಈಗಲೇ ಚೆಕ್ ಮಾಡಿ". ಖುಷಿಯಾಗಿ ಒತ್ತಿದ್ರೆ, ಜಾಹೀರಾತು ದಾಟಿ, ಗೃಹಲಕ್ಷ್ಮಿ ಅಂದ್ರೆ ಏನು ಅನ್ನೋ ಪುರಾಣ ಮುಗಿಸಿ, ವಾಟ್ಸಾಪ್ ಗ್ರೂಪ್ ಸೇರ್ಕೊಳ್ಳಿ ಅನ್ನೋ ಹಸಿರು ಬಟನ್‌ನಿಂದ ಬೆರಳು ತಪ್ಪಿಸ್ಕೊಂಡು ಕೆಳಗೆ ಬಂದ್ರೆ ಕೊನೇ ಸಾಲು: "ಶೀಘ್ರದಲ್ಲೇ ಜಮಾ ಆಗುವ ಸಾಧ್ಯತೆ ಇದೆ."

ಟೈಟಲ್ ಕೆಳಗೆ ಸಣ್ಣಕ್ಷರದಲ್ಲಿ ಬರುತ್ತಲ್ಲ ಡಿಸ್ಕ್ರಿಪ್ಷನ್ನು, ಅದಕ್ಕೆ ಇರೋ ಜಾಗವೇ ಎರಡು ಸಾಲು. ಯಾವ ತಿಂಗಳ ಕಂತು, ಯಾವ ಜಿಲ್ಲೆಗೆ ಬಂತು, ಸ್ಟೇಟಸ್ ಎಲ್ಲಿ ನೋಡ್ಬೇಕು, ಇಷ್ಟು ಆರಾಮಾಗಿ ಹಿಡಿಯುತ್ತೆ. ನಮ್ಮವರದ್ದು ಹೀಗಿರುತ್ತೆ: "ಎಲ್ಲರಿಗೂ ನಮಸ್ಕಾರ ಸ್ನೇಹಿತರೇ, ಇಂದಿನ ಈ ಲೇಖನದಲ್ಲಿ ನಾವು ನಿಮಗೆ ತಿಳಿಸಲು ಹೊರಟಿರುವುದೇನೆಂದರೆ..." ಅಷ್ಟರಲ್ಲಿ ಜಾಗ ಖಾಲಿ, ಚುಕ್ಕಿ ಚುಕ್ಕಿ. ಸಂಸ್ಕಾರವಂತರು, ನಮಸ್ಕಾರ ಮಾಡ್ದೆ ವಿಷಯಕ್ಕೆ ಬರೋಕಾಗುತ್ತಾ.

ಸರ್ಕಾರಿ ಇಲಾಖೆಗಳ ವೆಬ್‌ಸೈಟ್‌ಗಳದ್ದು ಇದರ ಉಲ್ಟಾ ಕೇಸು. ಒಳಗೆ ಮಾಹಿತಿ ನಿಜವಾಗ್ಲೂ ಇರುತ್ತೆ, ಆದ್ರೆ ಟೈಟಲ್ ನೋಡಿದ್ರೆ "ಮುಖಪುಟ". ಇನ್ನೊಂದು ಪುಟದ್ದೂ "ಮುಖಪುಟ". ಇಲ್ಲಾಂದ್ರೆ "...ಅಧಿಕೃತ ಜಾಲತಾಣಕ್ಕೆ ಸುಸ್ವಾಗತ" ಅಂತ ಹಾರ ಹಾಕಿ ಬಾಗಿಲಲ್ಲೇ ನಿಲ್ಲಿಸ್ತಾರೆ.

ಗೂಗಲ್‌ಗೂ ಸಾಕಾಗಿ 2021ರ ಆಗಸ್ಟಲ್ಲಿ, ನೀವು ಕೊಟ್ಟ ಟೈಟಲ್ ಸರಿ ಇಲ್ಲಾಂದ್ರೆ ಪುಟದಲ್ಲಿರೋ ದೊಡ್ಡ ಹೆಡ್ಡಿಂಗ್ ಗಿಡ್ಡಿಂಗ್ ನೋಡಿ ನಾವೇ ಬೇರೆ ತೋರಿಸ್ತೀವಿ ಅಂತು. ಒಳ್ಳೇದೇ, ಆದ್ರೆ ಇಲ್ಲಿ ಹೆಡ್ಡಿಂಗೂ ಅದೇ "ಬಿಗ್ ಅಪ್‌ಡೇಟ್", ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ. ಯಾವ ಪುಟ ಮೇಲೆ ತೋರಿಸ್ಬೇಕು ಅನ್ನೋ ರ‍್ಯಾಂಕಿಂಗ್‌ಗೆ ಕೀವರ್ಡ್ಸ್ ಟ್ಯಾಗ್ (ಓದುಗರಿಗೆ ಕಾಣದ ಹಾಗೆ ಪುಟದ ಕೋಡಲ್ಲಿ ಬರೆಯೋ ಪದಗಳ ಪಟ್ಟಿ) ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದ್ರೂ ಅದರೊಳಗೆ ಗೃಹಲಕ್ಷ್ಮಿ, ಗೃಹ ಲಕ್ಷ್ಮಿ, ಗ್ರಹಲಕ್ಷ್ಮಿ ಅಂತ ಇನ್ನೂ ಅರ್ಚನೆ ಮಾಡೋರಿದ್ದಾರೆ, ಅವರ ಭಕ್ತಿ ಅವರಿಗೆ.

ಸರಿಯಾದ ಟೈಟಲ್ ಬರೆಯೋದೇನು ಬ್ರಹ್ಮವಿದ್ಯೆ ಅಲ್ಲ. "ಗೃಹಲಕ್ಷ್ಮಿ: ಈ ತಿಂಗಳ ಕಂತು ಇನ್ನೂ ಬಂದಿಲ್ಲ". ಚಿಕ್ಕದು, ನಿಜ, ಮೊಬೈಲಲ್ಲೂ ಅರ್ಧಕ್ಕೆ ಕಟ್ ಆಗಲ್ಲ. ಆದ್ರೆ ಓದಿದವರು ಅಲ್ಲೇ ವಿಷಯ ತಿಳ್ಕೊಂಡು ಫೋನ್ ಕೆಳಗಿಟ್ಟು ಕೆಲಸಕ್ಕೆ ಹೋಗ್ತಾರೆ, ಒಳಗಿರೋ ಜಾಹೀರಾತನ್ನ ಇವರಪ್ಪ ಬಂದು ನೋಡ್ತಾನಾ?