ವಾಣಿಜ್ಯ ಆಸ್ತಿಯ ಬಾಡಿಗೆ ಬೇಕೆನ್ನುವವರು ಮಳಿಗೆ ಬಿಟ್ಟು ರೀಟ್ ಯೂನಿಟ್ (ಹಲವರ ಹಣದಿಂದ ದೊಡ್ಡ ಕಟ್ಟಡಗಳನ್ನು ಹೊಂದಿ ಬಾಡಿಗೆ ಹಂಚುವ ಟ್ರಸ್ಟ್‌ನ ಪಾಲು) ಕೊಳ್ಳಬೇಕೇ?

ಪರ

ಮಳಿಗೆ ಮಾರುವವರು ತಿಂಗಳ ಬಾಡಿಗೆಯನ್ನು ಹನ್ನೆರಡರಿಂದ ಗುಣಿಸಿ, ಬೆಲೆಯಿಂದ ಭಾಗಿಸಿ, ಬಂದದ್ದನ್ನೇ ಆದಾಯವೆಂದು ತೋರಿಸುತ್ತಾರೆ. ಕೊಳ್ಳುವವರು ಆ ಲೆಕ್ಕವನ್ನು ಒಪ್ಪಿಕೊಳ್ಳಬಾರದು. ಒಂದು ಕೋಟಿ ರೂಪಾಯಿಯ ಮಳಿಗೆಗೆ ತಿಂಗಳಿಗೆ 40,000 ರೂಪಾಯಿ ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳೋಣ; ಕಾಗದದ ಮೇಲೆ ಅದು ಶೇ 4.8. ಆದರೆ ಕರ್ನಾಟಕದ ನಗರಗಳಲ್ಲಿ ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 2ಕ್ಕೇರಿದ ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು 7.6 ಲಕ್ಷ ರೂಪಾಯಿ ನೋಂದಣಿಯ ದಿನವೇ ಕೈಬಿಟ್ಟು ಹೋಗುತ್ತದೆ. ವರ್ಷದಲ್ಲಿ ಒಂದು ತಿಂಗಳು ಮಳಿಗೆ ಖಾಲಿ ಬಿದ್ದು, ಆಸ್ತಿ ತೆರಿಗೆಗೂ ದುರಸ್ತಿಗೂ 60,000 ಖರ್ಚಾದರೆ ಉಳಿಯುವುದು 3.8 ಲಕ್ಷ, ಅಂದರೆ ಹೂಡಿದ ಒಟ್ಟು ಹಣದ ಶೇ 3.5 ಮಾತ್ರ. ಖಾತೆಯಲ್ಲಿ ತೊಡಕಿದ್ದರೆ ಅಥವಾ ಬಾಡಿಗೆದಾರ ಜಾಗ ಬಿಡಲು ಒಪ್ಪದಿದ್ದರೆ ಅದೂ ಉಳಿಯುವುದಿಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಒಬ್ಬನೇ ಬಾಡಿಗೆದಾರನ ವ್ಯಾಪಾರಕ್ಕೆ ಕಟ್ಟಿಹಾಕುವುದು ನನಗೆ ಅಪಾಯದ ಕೆಲಸವಾಗಿಯೇ ಕಾಣುತ್ತದೆ.

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2014ರಲ್ಲಿ ರೀಟ್‌ಗಳಿಗಾಗಿ ರೂಪಿಸಿದ ನಿಯಮಗಳು ಈ ಅಪಾಯವನ್ನು ಹಲವು ಕಡೆಯಿಂದ ಕಡಿಮೆ ಮಾಡುತ್ತವೆ. ರೀಟ್ ತನ್ನ ಆಸ್ತಿಯ ಶೇ 80ರಷ್ಟನ್ನಾದರೂ ಪೂರ್ಣಗೊಂಡು ಬಾಡಿಗೆ ತರುತ್ತಿರುವ ಕಟ್ಟಡಗಳಲ್ಲೇ ಇಡಬೇಕು, ವಿತರಿಸಬಹುದಾದ ನಗದಿನಲ್ಲಿ ಕನಿಷ್ಠ ಶೇ 90ರಷ್ಟನ್ನು ಯೂನಿಟ್‌ದಾರರಿಗೆ ಹಂಚಬೇಕು, ಸಾಲವನ್ನು ಆಸ್ತಿ ಮೌಲ್ಯದ ಶೇ 49ರೊಳಗೆ ಇಟ್ಟುಕೊಳ್ಳಬೇಕು, ಕಟ್ಟಡಗಳ ಮೌಲ್ಯವನ್ನು ಸ್ವತಂತ್ರ ಮೌಲ್ಯಮಾಪಕರಿಂದ ನಿಗದಿ ಮಾಡಿಸಿ ಪ್ರಕಟಿಸಬೇಕು. ಎಷ್ಟು ಜಾಗ ಖಾಲಿಯಿದೆ, ಯಾವ ವರ್ಷ ಎಷ್ಟು ಗುತ್ತಿಗೆಗಳು ಮುಗಿಯುತ್ತವೆ ಎಂಬುದನ್ನು ಯಾರು ಬೇಕಾದರೂ ಓದಿ ತಿಳಿಯಬಹುದು. 2019ರಲ್ಲಿ ದೇಶದ ಮೊದಲ ರೀಟ್ ಆಗಿ ಬಂದ ಬೆಂಗಳೂರಿನ ಎಂಬಸಿ ಆಫೀಸ್ ಪಾರ್ಕ್ಸ್‌ಗೆ ಅರ್ಜಿ ಹಾಕಲು ಕನಿಷ್ಠ 2.4 ಲಕ್ಷ ರೂಪಾಯಿ ಬೇಕಿತ್ತು. 2021ರ ತಿದ್ದುಪಡಿಯ ನಂತರ ಷೇರುಪೇಟೆಯಲ್ಲಿ ಒಂದೇ ಒಂದು ಯೂನಿಟ್ಟನ್ನೂ ಕೊಳ್ಳಬಹುದು. ಮಗಳ ಓದಿಗೆ ಹಣ ಬೇಕಾದಾಗ ಮಳಿಗೆಯ ಕಾಲುಭಾಗವನ್ನು ಮಾರಲಾಗದು, ಯೂನಿಟ್‌ಗಳಲ್ಲಿ ಕಾಲುಭಾಗವನ್ನು ಮಾರಬಹುದು.

ವಿರೋಧ

ರೀಟ್ ಯೂನಿಟ್ ಕೊಂಡವರು ಕಟ್ಟಡದ ಜೊತೆಗೆ ಷೇರುಪೇಟೆಯ ಏರಿಳಿತವನ್ನೂ ಕೊಳ್ಳುತ್ತಾರೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕ್‌ಗಳಿಗೆ ಸಾಲ ಕೊಡುವ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು, ಠೇವಣಿಯ ಬಡ್ಡಿ ಹೆಚ್ಚಿದಾಗ ಬಾಡಿಗೆ ಆದಾಯವನ್ನೇ ನಂಬಿದ ಯೂನಿಟ್‌ಗಳ ಆಕರ್ಷಣೆ ತಗ್ಗುವುದು ಸಹಜ. 2019ರಲ್ಲಿ 300 ರೂಪಾಯಿಗೆ ಹಂಚಿಕೆಯಾದ ಎಂಬಸಿ ಯೂನಿಟ್, 2023ರ ಡಿಸೆಂಬರ್‌ನಲ್ಲಿ ಅದರ ದೊಡ್ಡ ಹೂಡಿಕೆದಾರ ಕಂಪನಿ, ಅಮೆರಿಕದ ಬ್ಲ್ಯಾಕ್‌ಸ್ಟೋನ್ ತನ್ನ ಉಳಿದ ಪಾಲನ್ನೆಲ್ಲ ಮಾರಿ ಹೊರನಡೆದಾಗ ಅದಕ್ಕಿಂತ ತುಸುವೇ ಮೇಲಿತ್ತು. ನಡುವೆ ಹಂಚಿಕೆಯ ಹಣ ಬಂದಿತ್ತು ನಿಜ, ಆದರೆ ಅಸಲು ಸುಮಾರು ಐದು ವರ್ಷದ ಕೊನೆಗೂ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಆ ಹಂಚಿಕೆಯನ್ನೂ ಬಿಡಿಸಿ ನೋಡಬೇಕು, ಏಕೆಂದರೆ ಅದರಲ್ಲಿ ಲಾಭಾಂಶ, ಕಟ್ಟಡ ಹೊಂದಿರುವ ಕಂಪನಿಗಳು ರೀಟ್‌ನಿಂದ ಪಡೆದ ಸಾಲಕ್ಕೆ ಕೊಡುವ ಬಡ್ಡಿ, ಆ ಸಾಲದ ಮರುಪಾವತಿ ಎಂಬ ಬೇರೆಬೇರೆ ಭಾಗಗಳಿರುತ್ತವೆ. ಬಡ್ಡಿಯ ಭಾಗಕ್ಕೆ ಹೂಡಿಕೆದಾರರ ತೆರಿಗೆ ಹಂತಕ್ಕೆ ತಕ್ಕಂತೆ ತೆರಿಗೆ ಬೀಳುತ್ತದೆ. ಮರುಪಾವತಿಯ ಭಾಗ ಯೂನಿಟ್ ಕೊಂಡ ಬೆಲೆಯಿಂದ ಕಳೆದುಹೋಗುವುದರಿಂದ ಮಾರುವಾಗ ತೆರಿಗೆ ಬೀಳುವ ಲಾಭ ಹಿಗ್ಗುತ್ತದೆ. ಇವೆಲ್ಲವನ್ನೂ ಒಟ್ಟಿಗೆ ಸೇರಿಸಿ ಶೇ 6 ಅಥವಾ 7ರ ಆದಾಯವೆಂದು ಹೇಳುವ ಜಾಹೀರಾತಿನ ಲೆಕ್ಕ, ಮಳಿಗೆ ಮಾರುವವರ ಲೆಕ್ಕದಷ್ಟೇ ಅಪೂರ್ಣ. ಮಳಿಗೆಯ ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದ ಮೇಲೆ ಶೇ 30ರಷ್ಟನ್ನು ಯಾವ ರಸೀದಿಯೂ ಇಲ್ಲದೆ ಕಡಿತ ಮಾಡಿಕೊಳ್ಳಲು ಆದಾಯ ತೆರಿಗೆ ಕಾನೂನು ಅವಕಾಶ ಕೊಟ್ಟಿದೆ. ಯೂನಿಟ್‌ದಾರರಿಗೆ ಆ ಅನುಕೂಲವಿಲ್ಲ.

ಕಚೇರಿ ಮಾರುಕಟ್ಟೆಯೇ ಬದಲಾಗುತ್ತಿದೆ ಎಂಬುದು ನನ್ನ ದೊಡ್ಡ ಆತಂಕ. ದೊಡ್ಡ ಟೆಕ್ ಪಾರ್ಕ್‌ಗಳ ಎಷ್ಟೋ ಕಟ್ಟಡಗಳು ರಫ್ತು ಮಾಡುವ ಕಂಪನಿಗಳಿಗೆಂದು ಗುರುತಿಸಿದ ವಿಶೇಷ ಆರ್ಥಿಕ ವಲಯದ ತೆರಿಗೆ ವಿನಾಯಿತಿಯನ್ನು ನಂಬಿ ಎದ್ದಂಥವು. 2020ರ ನಂತರ ಆರಂಭವಾಗುವ ಹೊಸ ಘಟಕಗಳಿಗೆ ಆ ವಿನಾಯಿತಿ ಇಲ್ಲವಾಯಿತು, ಅದೇ ಹೊತ್ತಿಗೆ ಮನೆಯಿಂದಲೇ ದುಡಿಯುವ ಪದ್ಧತಿ ಬೇರೂರಿತು. ವಿಶೇಷ ವಲಯದ ಮಹಡಿಗಳು ಖಾಲಿ ಉಳಿದವು. ಮಹಡಿ ಲೆಕ್ಕದಲ್ಲಿ ಜಾಗವನ್ನು ಸಾಮಾನ್ಯ ಬಳಕೆಗೆ ಬಿಡಿಸಿಕೊಳ್ಳುವ ಅವಕಾಶ ಸಿಕ್ಕಿದ್ದು 2023ರ ಡಿಸೆಂಬರ್‌ನಲ್ಲಿ. ಈಗ ಆ ಜಾಗವನ್ನು ತುಂಬುತ್ತಿರುವವರಲ್ಲಿ ದೊಡ್ಡ ಪಾಲು ವಿದೇಶಿ ಕಂಪನಿಗಳು ಬೆಂಗಳೂರಿನಲ್ಲಿ ತೆರೆದಿರುವ ಸ್ವಂತ ಕೇಂದ್ರಗಳು, ಅವುಗಳಲ್ಲೂ ಅಮೆರಿಕದವು ಹೆಚ್ಚು. ಅಲ್ಲಿನ ತೆರಿಗೆ ಮತ್ತು ವ್ಯಾಪಾರ ನೀತಿಗಳು ಬಿಗಿಯಾದರೆ ಹತ್ತಾರು ಕಂಪನಿಗಳು ಏಕಕಾಲಕ್ಕೆ ಹಿಂದೆ ಸರಿಯಬಹುದು. ಬಾಡಿಗೆದಾರರು ಹಲವರಿದ್ದಾರೆ ಎಂಬ ಸಮಾಧಾನ ಆಗ ಕೆಲಸಕ್ಕೆ ಬರುವುದಿಲ್ಲ.

ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ದಾವಣಗೆರೆಯ ಮಂಡಿಪೇಟೆಯಲ್ಲೋ ಮಳಿಗೆ ಕೊಳ್ಳುವ ಸ್ಥಳೀಯರಿಗೆ ಅಕ್ಕಪಕ್ಕದ ವ್ಯಾಪಾರ ಹೇಗಿದೆ, ನಿಜವಾದ ಬಾಡಿಗೆ ಎಷ್ಟು ಎಂಬುದು ಬಾಯಿಪಾಠವಿರುತ್ತದೆ. ಆಸ್ತಿಯ ಮೇಲೆ ಸಾಲವಿದೆಯೇ ಎಂದು ತಿಳಿಸುವ ಋಣಭಾರ ಪತ್ರ ತೆಗೆಸಿ, ಸರ್ಕಾರದ ಮಾರ್ಗಸೂಚಿ ದರ ನೋಡಿ, ಬಾಡಿಗೆ ಇಳಿಸಿಯಾದರೂ ಮಳಿಗೆ ತುಂಬಿಸುವ ತೀರ್ಮಾನವನ್ನು ಅವರೇ ಮಾಡಬಹುದು. ಯೂನಿಟ್‌ದಾರರಿಗೆ ಬೆಲೆ ಬಿದ್ದಾಗ ಉಳಿಯುವ ದಾರಿ ಮಾರುವುದು ಅಥವಾ ಕಾಯುವುದು, ಇವೆರಡೇ.