ಘಟಕಗಳ ಲೆಕ್ಕ ಸಾಲದು, ಕ್ಯಾನ್‌ಗಳ ಲೆಕ್ಕ ಕೇಳಿ

ಕೋಲಾರ, ಪಾವಗಡ ಕಡೆ ಶುದ್ಧ ನೀರಿನ ಘಟಕ ಹಾಕಿಸುವ ಟ್ರಸ್ಟ್‌ಗಳ ಬಗ್ಗೆ ಬಂದ ಲೇಖನವೊಂದು ಅವುಗಳ ಕೆಲಸವನ್ನು ‘ಇಷ್ಟು ಘಟಕ, ಇಷ್ಟು ಫಲಾನುಭವಿಗಳು’ ಎಂದೇ ಅಳೆದಿದೆ. ಸ್ವಲ್ಪ ಗುಣಾಕಾರ ಮಾಡಿ ನೋಡಿ. ಗಂಟೆಗೆ 1,000 ಲೀಟರ್ ಕೊಡುವ ಆರ್‌ಒ (ಒತ್ತಡದಿಂದ ಪೊರೆಯ ಮೂಲಕ ನೀರು ಸೋಸುವ) ಘಟಕ, ದಿನಕ್ಕೆ 6 ಗಂಟೆ ಕರೆಂಟ್ ಇದ್ದರೆ, 20 ಲೀಟರಿನ 300 ಕ್ಯಾನ್ ತುಂಬಿಸುತ್ತದೆ. ಮನೆಗೊಂದು ಕ್ಯಾನ್ ಅಂದರೆ 300 ಮನೆ. ಇದಕ್ಕೆ 5,000 ಫಲಾನುಭವಿಗಳು ಅಂತ ಬರೆದಿದ್ದರೆ ಅದು ಊರಿನ ಜನಸಂಖ್ಯೆ, ನೀರು ಕುಡಿದವರ ಸಂಖ್ಯೆಯಲ್ಲ. ಜನ ನಾಣ್ಯ ಹಾಕಿ ನೀರು ಹಿಡಿಯುವ ಕಾಯಿನ್ ಬಾಕ್ಸಿನ ತಿಂಗಳವಾರು ಲೆಕ್ಕ ಕೇಳಿದರೆ ನಿಜ ಗೊತ್ತಾಗುತ್ತದೆ.

ಟಿಡಿಎಸ್ ಮೀಟರ್ ಹಿಡಿದ ಫೋಟೊ ಕೂಡ ಸಾಕ್ಷಿಯಲ್ಲ. ಅದು ಕರಗಿದ ಲವಣಗಳ ಒಟ್ಟು ಅಂದಾಜು, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಫ್ಲೋರೈಡ್ ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5. ನೀರು ಸಪ್ಪೆ ಅಂತ ಜನ ಗೊಣಗಿದರೆ ಆಪರೇಟರ್ ಬೈಪಾಸ್ ವಾಲ್ವ್ ತುಸು ತಿರುಗಿಸಿ ಸೋಸದ ಬೋರ್‌ವೆಲ್ ನೀರು ಬೆರೆಸುವುದುಂಟು. ರುಚಿ ಬರುತ್ತದೆ, ಜತೆಗೆ ಫ್ಲೋರೈಡೂ! ಹಾಗಾಗಿ ಸ್ಯಾಂಪಲ್ ಅನ್ನು ಮೊದಲೇ ಹೇಳದೆ ಹೋಗಿ, ಜನ ಕ್ಯಾನ್ ಹಿಡಿಯುವ ನಲ್ಲಿಯಿಂದಲೇ, ಪ್ಲಾಸ್ಟಿಕ್ ಬಾಟಲಿಯಲ್ಲಿ (ಗಾಜಿನದು ಬೇಡ) ಹಿಡಿದು ಲ್ಯಾಬಿಗೆ ಕಳಿಸಬೇಕು.

ಆಡಿಟ್ ವರದಿಯಲ್ಲಿ ನಾನು ಮೊದಲು ಹುಡುಕುವುದು ಮೆಂಬ್ರೇನ್ (ನೀರು ಸೋಸುವ ಪೊರೆ) ಮತ್ತು ಆಂಟಿಸ್ಕೇಲಂಟ್ (ಅದಕ್ಕೆ ಸುಣ್ಣ ಕಟ್ಟದಂತೆ ತಡೆಯುವ ರಾಸಾಯನಿಕ) ಖರ್ಚು. ಆಂಟಿಸ್ಕೇಲಂಟ್ ಬೆರೆಸುವ ಡೋಸಿಂಗ್ ಡಬ್ಬಿ ಖಾಲಿ ಬಿದ್ದಿದ್ದರೆ ಗಡಸು ನೀರಿನ ಸುಣ್ಣ ಮೆಂಬ್ರೇನಿಗೆ ಕಟ್ಟಿಕೊಂಡು ಒತ್ತಡ ಏರುತ್ತದೆ, ಬರುವ ನೀರು ಕಡಿಮೆಯಾಗುತ್ತದೆ. ಉದ್ಘಾಟನೆಗೆ ದುಡ್ಡು ಕೊಡುವವರು ಸಿಗುತ್ತಾರೆ, ಮೆಂಬ್ರೇನಿಗೆ ಸಿಗುವುದಿಲ್ಲ. ಹಾಗೇ ಸೋಸಿದ ಮೇಲೆ ಉಳಿಯುವ ಲವಣ ತುಂಬಿದ ರಿಜೆಕ್ಟ್ ನೀರಿನ ಪೈಪು ಎಲ್ಲಿಗೆ ಹೋಗಿದೆ ನೋಡಿ. ಎಷ್ಟೋ ಸಲ ಅದೇ ಬೋರ್‌ವೆಲ್ ಪಕ್ಕದ ಗುಂಡಿಗೆ.